ಸಂಬಳ ಸರಿ, ಪ್ರೈಮೇಜ್‌ಗೆ ಏನನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ. 17ನೇ ಶತಮಾನದ ಇಂಗ್ಲಿಷ್ ವ್ಯಾಪಾರಿ ಹಡಗುಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಡಗಿನ ಮಾಸ್ಟರ್‌ಗೆ, ಅಂದರೆ ಹಡಗು ನಡೆಸುವ ಮುಖ್ಯಸ್ಥನಿಗೆ, ಏನೇನು ಸಿಗುತ್ತಿತ್ತು ಅನ್ನುವ ಭಾಗದಲ್ಲಿ ಕೈ ನಿಂತಿದೆ. ಸಂಬಳದ ಮಾತು ಸಲೀಸು. ಶತಮಾನದ ಕೊನೆಯ ಹೊತ್ತಿಗೆ ಅವನಿಗೆ ತಿಂಗಳಿಗೆ ಸುಮಾರು 6 ಪೌಂಡ್. ಯುದ್ಧವಿಲ್ಲದಾಗ ಸಾಮಾನ್ಯ ಖಲಾಸಿಗೆ 24–25 ಶಿಲಿಂಗ್. ಪೌಂಡಿಗೆ 20 ಶಿಲಿಂಗ್ ಲೆಕ್ಕದಲ್ಲಿ ಹೆಚ್ಚೂಕಡಿಮೆ ಐದು ಪಟ್ಟು. ತೊಡಕಿರುವುದು ಗಿಂಬಳದಲ್ಲಿ, ಅಂದರೆ ಪ್ರೈಮೇಜ್‌ನಂಥ ಮೇಲುಸಂಪಾದನೆಗಳಲ್ಲಿ!

ಎಲ್ಲಕ್ಕೂ ‘ಭತ್ಯೆ’ ಅಂದುಬಿಡಿ ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಭತ್ಯೆ ಅಂದರೆ ಸಂಬಳ ಕೊಡುವವರೇ ಕೊಡುವುದು, ಟಿ.ಎ., ಡಿ.ಎ. ಥರ. ಪ್ರೈಮೇಜ್ ಹಾಗಲ್ಲ. ಅದನ್ನು ಕೊಡುತ್ತಿದ್ದವನು ಸರಕಿನವನು. ಮಾಲನ್ನು ಜೋಪಾನವಾಗಿ ತಂದುಕೊಟ್ಟದ್ದಕ್ಕೆ, ಸರಕು ಸಾಗಣೆಯ ಬಾಡಿಗೆಯ ಜೊತೆಗೆ, ಮಾಸ್ಟರ್ ಕೈಗೆ ಬರುತ್ತಿದ್ದ ಸಣ್ಣ ದುಡ್ಡು. ಹಳೆಯ ಕಾನೂನು ನಿಘಂಟುಗಳ ಪ್ರಕಾರ ವಾಡಿಕೆ ಟನ್ನಿಗೆ 12 ಪೆನ್ನಿ, ಇಲ್ಲವೇ ಮೂಟೆಗೆ 6 ಪೆನ್ನಿ. ಊರಿಂದ ಊರಿಗೆ ಹೆಚ್ಚುಕಮ್ಮಿ ಇದ್ದೇ ಇತ್ತು. ಮುಂದೆ ಹಡಗಿನ ಮಾಲೀಕರೇ ಇದನ್ನು ಬಾಡಿಗೆಗೆ ಸೇರಿಸಿ ನುಂಗಿದರು, ಅದು ಬೇರೆ ಕತೆ.

ಆ ಕಾಲದ ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿಗೆ ಹೇರಿದ ಮಾಲಿಗೆ ಕೊಡುತ್ತಿದ್ದ ರಸೀದಿ, ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ‘ದೇವರ ದಯೆಯಿಂದ ಹೇರಿದ್ದು’ ಎಂದು ಶುರು. ಆಮೇಲೆ ಹಡಗಿನ ಹೆಸರು, ‘ಈ ಪ್ರಯಾಣಕ್ಕೆ ದೇವರ ಕೆಳಗೆ ಮಾಸ್ಟರ್’ ಆಗಿರುವವನ ಹೆಸರು. ಸಮುದ್ರದ ಅಪಾಯವೊಂದನ್ನು ಬಿಟ್ಟು ಉಳಿದಂತೆ ಮಾಲನ್ನು ಸುಸ್ಥಿತಿಯಲ್ಲಿ ಒಪ್ಪಿಸಬೇಕು. ಪಡೆಯುವವನು ಬಾಡಿಗೆ ಕೊಡಬೇಕು, ಜೊತೆಗೆ ‘ವಾಡಿಕೆಯ ಪ್ರೈಮೇಜ್ ಮತ್ತು ಆವರೇಜ್’. ಒಂದೇ ಒಕ್ಕಣೆಯ ಮೂರು ಪ್ರತಿ, ಒಂದರ ಮೇಲೆ ಮಾಲು ಒಪ್ಪಿಸಿಯಾದರೆ ಉಳಿದೆರಡು ರದ್ದು. ಕೊನೆಗೆ ಹಡಗು ಸುಖವಾಗಿ ದಡ ಸೇರಲಿ, ಆಮೆನ್.

‘ವಾಡಿಕೆಯ’ ಅನ್ನುವ ಮಾತನ್ನು ಗಮನಿಸಿ. ಮನಸ್ಸು ಬಂದರೆ ಕೊಡುವುದಲ್ಲ, ಹಾಗಾಗಿ ‘ಭಕ್ಷೀಸು’ ಕೂಡುವುದಿಲ್ಲ. ‘ಮಾಮೂಲು’ ಅರ್ಥಕ್ಕೆ ಹತ್ತಿರ, ಆದರೆ ಇವತ್ತು ಮಾಮೂಲು ಅಂದರೆ ಲಂಚ ಅಂತಲೇ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಟೋಪಿ ದುಡ್ಡು’ ಅಂತಲೂ ಹೆಸರಿತ್ತು. ಅದನ್ನು ಹಾಗೇ ಇಟ್ಟರೆ ಮಾಸ್ಟರ್ ಸರಕಿನವನಿಗೆ ಟೋಪಿ ಹಾಕಿದ ಅಂತ ನಮ್ಮವರು ಓದಿಕೊಳ್ಳುತ್ತಾರೆ ಅಲ್ವಾ! ನನ್ನ ಒಲವು ‘ರುಸುಮು’ ಕಡೆಗೆ. ದೇಸಾಯಿ, ದೇಶಮುಖರಿಗೆ ಹುದ್ದೆಯ ಹಕ್ಕಾಗಿ ಬರುತ್ತಿದ್ದ ರುಸುಮಿನಲ್ಲಿ ವಾಡಿಕೆಯೂ ಇದೆ, ಹಕ್ಕೂ ಇದೆ, ಲಂಚದ ವಾಸನೆ ಇಲ್ಲ. ಪದ ಹಳತಾಯಿತು ಅನ್ನುವುದೊಂದೇ ಅಳುಕು.

ಇನ್ನು ‘ಆವರೇಜ್’. ದಯವಿಟ್ಟು ಯಾರೂ ‘ಸರಾಸರಿ’ ಅನ್ನಬೇಡಿ. ಇಲ್ಲಿ ಅದು ದಾರಿಯ ಚಿಲ್ಲರೆ ಖರ್ಚು. ಬಂದರಿಗೆ ದಾರಿ ತೋರಿಸುವ ಪೈಲಟ್‌ನ ಕೂಲಿ, ಲಂಗರಿನ ಸುಂಕ, ಹಡಗನ್ನು ಎಳೆಸಿದ ಖರ್ಚು ಇಂಥವು. ಮಾಸ್ಟರ್ ಮೊದಲು ಕೈಯಿಂದ ಹಾಕಿ, ಸರಕಿನವರಿಂದ ಅವರವರ ಪಾಲು ವಸೂಲಿ ಮಾಡುತ್ತಿದ್ದ. ಅಂದಮೇಲೆ ಇದು ಆದಾಯವೇ ಅಲ್ಲ. ‘ದಾರಿಖರ್ಚಿನ ಪಾಲು’ ಅಂತ ಬಿಡಿಸಿ ಹೇಳುವುದೇ ವಾಸಿ. ತಮಾಷೆ ಅಂದರೆ, ಸಮುದ್ರದ ನಷ್ಟವನ್ನು ಎಲ್ಲರ ತಲೆಗೂ ಹಂಚುವ ಪದ್ಧತಿಯಿಂದಲೇ ಆ ಪದಕ್ಕೆ ಗಣಿತದ ಅರ್ಥ ಬಂದದ್ದು.

ಮಾಸ್ಟರ್‌ಗೆ ನಿಜವಾದ ಲಾಭ ತರಬಹುದಾಗಿದ್ದದ್ದು ಇನ್ನೊಂದು: ಬಾಡಿಗೆ ಇಲ್ಲದೆ ತನ್ನ ಸ್ವಂತ ಮಾಲನ್ನು ಹೇರಿಕೊಳ್ಳುವ ಅವಕಾಶ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇದಕ್ಕೆ ಮಿತಿ ಹಾಕಿದ್ದರು. ಕಾರವಾರದಂಥ ಕಡೆಯಿಂದ ಹೋಗುತ್ತಿದ್ದ ಕಾಳುಮೆಣಸು ಕಂಪನಿಯದೇ, ಅದಕ್ಕೆ ಕೈಹಾಕುವ ಹಾಗಿರಲಿಲ್ಲ. ಇದಕ್ಕೆ ಸದ್ಯಕ್ಕೆ ‘ಸ್ವಂತ ಸರಕಿನ ಹಕ್ಕು’ ಅಂತ ಬರೆದಿಟ್ಟಿದ್ದೇನೆ. ಸಪ್ಪೆಯಾಗಿದೆ.

ಕೊನೆಗೆ ‘ಮಾಸ್ಟರ್’ ಅನ್ನುವುದೇ ಕಷ್ಟ. ಒಡೆಯ, ಯಜಮಾನ ಅಂದರೆ ಹಡಗಿನ ಮಾಲೀಕ ಅಂತಾಗುತ್ತದೆ. ಎಷ್ಟೋ ಮಾಸ್ಟರ್‌ಗಳಿಗೆ ಹಡಗಿನಲ್ಲಿ ಹದಿನಾರನೇ ಒಂದು, ಮೂವತ್ತೆರಡನೇ ಒಂದು ಪಾಲು ಇರುತ್ತಿತ್ತು ನಿಜ, ಆದರೆ ಎಲ್ಲರಿಗೂ ಅಲ್ಲ. ಹಾಗಂತ ಅವನು ಬರೀ ನೌಕರನೂ ಅಲ್ಲ. ಸಂಬಳ ಬಾಕಿಯಾದರೆ ಖಲಾಸಿಗಳು ನೌಕಾ ನ್ಯಾಯಾಲಯಕ್ಕೆ ಹೋಗಿ ಹಡಗನ್ನೇ ತಡೆಹಿಡಿಸಬಹುದಿತ್ತು. ಮಾಸ್ಟರ್‌ಗೆ ಆ ದಾರಿ ಇರಲಿಲ್ಲ. ಅವನ ಕರಾರು ದಡದಲ್ಲಿ ಮಾಲೀಕರ ಜೊತೆ ಆದದ್ದು, ಅಲ್ಲೇ ಬಗೆಹರಿಸಿಕೋ ಅನ್ನುತ್ತಿದ್ದರು. ‘ಕಪ್ತಾನ’ ಎಲ್ಲರಿಗೂ ತಿಳಿಯುತ್ತದೆ, ಆದರೆ ವ್ಯಾಪಾರಿ ಹಡಗಿನಲ್ಲಿ ಅದು ಮರ್ಯಾದೆಗೆ ಕರೆಯುವ ಮಾತು, ಕಾಗದದಲ್ಲಿ ಮಾಸ್ಟರ್ ಅಂತಲೇ. ‘ನಾಖುದಾ’ ಹತ್ತಿರ ಬರುತ್ತದೆ. ಹಡಗು ನಡೆಸುವುದೂ ವ್ಯಾಪಾರ ನೋಡುವುದೂ ಎರಡೂ ಅದರಲ್ಲಿದೆ. ‘ತಾಂಡೇಲ’ ಅಂದರೆ ಮಲ್ಪೆಯ ಮೀನು ಬೋಟು ಕಣ್ಣಿಗೆ ಬರುತ್ತದೆ.

ಕರಾವಳಿಯವರಿಗೆ ವಿಶೇಷವಾಗಿ ಕೇಳುತ್ತೇನೆ. ಮಂಜಿ, ಪತ್ತೆಮಾರಿಯಂಥ ಸರಕಿನ ಹಾಯಿಹಡಗುಗಳಲ್ಲಿ ನಾಖುದಾ ಅಥವಾ ತಾಂಡೇಲ ತನ್ನ ಪಾಲಿನ ಸರಕನ್ನು ಪುಕ್ಕಟೆ ಹೇರಿಕೊಳ್ಳುವುದಿತ್ತೇ? ಇದ್ದರೆ ಅದಕ್ಕೆ ಕುಂದಾಪುರ, ಹೊನ್ನಾವರ, ಭಟ್ಕಳದ ಕಡೆ ಏನನ್ನುತ್ತಿದ್ದರು? ಮನೆಯ ಹಿರಿಯರನ್ನು ಕೇಳಿಯಾದರೂ ತಿಳಿಸಿ. ‘ರುಸುಮು’ ಬೇಡ ಅನ್ನುವವರು ಬದಲಿಗೆ ಯಾವ ಪದ ಅಂತಲೂ ಹೇಳಿ.