ಐಸ್ ಕೊರೆದು ಭರ್ಜಿಯಿಂದ ಮೀನು ಹಿಡಿಯೋ ಲೈಸೆನ್ಸ್: ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಿ ತಗೊಂಡ್ರೆ ಆಗುತ್ತಾ?

ಹಿನ್ನೀರಿನ ಹುಡುಗ, ಬಾಗಲಕೋಟೆ
ನಮಸ್ಕಾರ ರೀ ಎಲ್ಲರಿಗೂ. ನಮ್ಮಣ್ಣ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ, ವಿನ್ನೆಬೇಗೊ ಸರೋವರದ ಹತ್ತಿರ. ಬರುವ ಫೆಬ್ರವರಿಯಲ್ಲಿ ಒಂದು ತಿಂಗಳು ಅವನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಸರೋವರ ಪೂರ್ತಿ ಹೆಪ್ಪುಗಟ್ಟುತ್ತಂತೆ, ಜನ ಗರಗಸದಿಂದ ಐಸ್ ಕೊರೆದು, ಅದರ ಮೇಲೆ ಗುಡಿಸಲು ಇಟ್ಟು, ಒಳಗೆ ಕೂತು ಸ್ಟರ್ಜನ್ ಅನ್ನೋ ದೊಡ್ಡ ಮೀನನ್ನ ಭರ್ಜಿಯಿಂದ ಹೊಡೆಯುತ್ತಾರಂತೆ. ನಾನು ಆಲಮಟ್ಟಿ ಹಿನ್ನೀರಲ್ಲಿ ಗಾಳ ಹಾಕಿ ಬೆಳೆದವನು, ಇದನ್ನ ಒಮ್ಮೆ ಮಾಡಲೇಬೇಕು ಅಂತ ಆಸೆ. ಹೊರಗಿನವರಿಗೆ ಲೈಸೆನ್ಸ್ ಕೊಡುತ್ತಾರಾ? ಎಷ್ಟು ದುಡ್ಡು? ಅಲ್ಲಿಗೆ ಹೋದ ಮೇಲೆ ತಗೊಂಡ್ರೆ ಸಾಕಲ್ವಾ?

ಗುಮ್ಮಟದ ಊರಿನವ, ವಿಜಯಪುರ
ತಮ್ಮಾ, ಸಾಕಾಗಲ್ಲ. ಇವತ್ತು ಅಕ್ಟೋಬರ್ 12. ಲೈಸೆನ್ಸ್ ತಗೊಳ್ಳೋಕೆ ಕೊನೆ ದಿನ ಅಕ್ಟೋಬರ್ 31. ಮೀನು ಹೊಡೆಯೋದು ಫೆಬ್ರವರಿಯಲ್ಲಿ, ಲೈಸೆನ್ಸ್ ಮಾತ್ರ ಅಕ್ಟೋಬರ್ ಒಳಗೆ. ನಾನು ಆ ಕಡೆ 4 ವರ್ಷ ಕೆಲಸದಲ್ಲಿದ್ದೆ. ಮೊದಲ ವರ್ಷ ನಿನ್ನ ಹಾಗೇ ಜನವರಿಯಲ್ಲಿ ಕೇಳೋಕೆ ಹೋಗಿ ಬರಿಗೈಲಿ ವಾಪಸ್ ಬಂದೆ. ಆ ಸಲ ಗೆಳೆಯನ ಗುಡಿಸಲಲ್ಲಿ ಕೂತು ನೋಡಿದ್ದಷ್ಟೇ, ಭರ್ಜಿ ಮುಟ್ಟಲಿಲ್ಲ.

ಫೀಸು ಆ ರಾಜ್ಯದಲ್ಲಿ ನೆಲೆಸಿದವರಿಗೆ 20 ಡಾಲರ್, ಹೊರಗಿನವರಿಗೆ 65. ನಿನಗೆ 65 ಬೀಳುತ್ತೆ, ಅಂದ್ರೆ ನಮ್ಮ ದುಡ್ಡಲ್ಲಿ ಐದೂವರೆ ಸಾವಿರದ ಮೇಲೆ. ಒಂದು ಲೈಸೆನ್ಸಿಗೆ ಇಡೀ ಸೀಸನ್‌ನಲ್ಲಿ ಒಂದೇ ಮೀನು. ಅದೂ 36 ಇಂಚಿಗಿಂತ ಕಡಿಮೆ ಇರೋ ಹಾಗಿಲ್ಲ. ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ ಮಾತ್ರ ಹೊಡೆಯಬೇಕು. ಹೊಡೆದ ತಕ್ಷಣ ಮೀನಿಗೆ ಟ್ಯಾಗ್ ಕಟ್ಟಿ, ಅದೇ ದಿನ ನೋಂದಣಿ ಕೇಂದ್ರಕ್ಕೆ ನೀನೇ ತಗೊಂಡು ಹೋಗಬೇಕು. ಐಸಿನ ತೂತೂ ಅಷ್ಟೇ, 48 ಚದರ ಅಡಿ ಮೀರೋ ಹಾಗಿಲ್ಲ.

ಸೀಸನ್ ಶುರುವಾಗೋದು ಫೆಬ್ರವರಿಯ ಎರಡನೇ ಶನಿವಾರ. ಜಾಸ್ತಿ ಅಂದ್ರೆ 16 ದಿನ. ಆದರೆ ಹೆಣ್ಣು ಮೀನು ಇಷ್ಟು, ಗಂಡು ಇಷ್ಟು ಅಂತ ಮಿತಿ ಇರುತ್ತೆ, ಅದು ತುಂಬಿತು ಅಂದ್ರೆ ಮಧ್ಯದಲ್ಲೇ ಬಂದ್. ಹೆಣ್ಣು ಸ್ಟರ್ಜನ್ ಮೊಟ್ಟೆ ಇಡೋ ವಯಸ್ಸಿಗೆ ಬರೋಕೇ 20 ವರ್ಷ ದಾಟುತ್ತೆ, ಆಮೇಲೂ ಪ್ರತಿ ವರ್ಷ ಇಡಲ್ಲ. ಅದಕ್ಕೇ ಇಷ್ಟು ಬಿಗಿ. 2010ರಲ್ಲಿ ಒಬ್ಬರಿಗೆ 96 ಕೆಜಿ ಮೀನು ಸಿಕ್ಕಿತ್ತು, ಅಷ್ಟು ದೊಡ್ಡವು ಉಳಿದಿರೋದು ಈ ಲೆಕ್ಕದಿಂದಲೇ.

ಗುಡಿಸಲಿಗೆ ಕಿಟಕಿ ಇರಲ್ಲ. ಬಾಗಿಲು ಹಾಕಿದರೆ ಒಳಗೆ ಕತ್ತಲೆ, ಬೆಳಕೆಲ್ಲ ಕೆಳಗಿನ ನೀರಿಂದಲೇ ಬರುತ್ತೆ, ಹಸಿರು ಹಸಿರಾಗಿ. ತಳ ಕಾಣಲಿ ಅಂತ ಗೆಳೆಯ ಒಂದು ಬೊಗಸೆ ಗೋವಿನಜೋಳ ಚೆಲ್ಲಿದ. ಮೀನು ಬಂದರೆ ಆ ಕಾಳು ಮರೆಯಾಗುತ್ತೆ, ಆಗ ಗೊತ್ತಾಗುತ್ತೆ. ನಾವು ಐದು ತಾಸು ಆ ಕಾಳನ್ನೇ ನೋಡುತ್ತಾ ಕೂತೆವು, ಒಂದೂ ಮರೆಯಾಗಲಿಲ್ಲ. ನೀರು ಕದಡಿದ ವರ್ಷ ಹೀಗೇ. ನೀರು ತಿಳಿಯಾಗಿದೆ ಅಂತ ನೋಡಿಕೊಂಡು ಆಮೇಲೆ ಲೈಸೆನ್ಸ್ ತಗೊಳ್ಳೋಣ ಅಂದ್ರೂ ಆಗಲ್ಲ, ಅಷ್ಟೊತ್ತಿಗೆ ದಿನ ಮುಗಿದಿರುತ್ತೆ.

ಗೋಕಾಕ ಕರದಂಟು, ಬೆಳಗಾವಿ
ದಿನ ತಪ್ಪಿದರೆ ಪಕ್ಕದ ಮಿನ್ನೆಸೋಟ ಇದೆ ನೋಡಿ, ಕಾರಲ್ಲಿ ನಾಲ್ಕೈದು ತಾಸು. ಅಲ್ಲಿ ಸ್ಟರ್ಜನ್ ಅಲ್ಲ, ನಾರ್ದರ್ನ್ ಪೈಕ್ ಹೊಡೆಯುತ್ತಾರೆ, ಫೆಬ್ರವರಿಯ ಕೊನೆ ಭಾನುವಾರದವರೆಗೆ. ಮೀನು ಹಿಡಿಯೋ ಲೈಸೆನ್ಸ್ ಬೇರೆ, ಕತ್ತಲೆ ಗುಡಿಸಲಲ್ಲಿ ಭರ್ಜಿ ಹೊಡೆಯೋ ಲೈಸೆನ್ಸ್ ಬೇರೆ. ಒಂದು ಎಚ್ಚರಿಕೆ: ಮಸ್ಕಿ ಅಂತ ಇನ್ನೊಂದು ಮೀನು ಪೈಕ್ ಥರವೇ ಕಾಣುತ್ತೆ, ಅದನ್ನ ಭರ್ಜಿಯಿಂದ ಹೊಡೆಯೋ ಹಾಗಿಲ್ಲ. ಗುರುತು ಸಿಗದಿದ್ದರೆ ಕೈ ಎತ್ತಬೇಡಿ. ಐಸ್ 4 ಇಂಚಾದರೂ ದಪ್ಪ ಇರದೆ ಕಾಲಿಡಬೇಡಿ, ಅದೂ ನಡೆಯೋಕೆ ಮಾತ್ರ.

ಘಟಪ್ರಭಾ ಕಾಕಾ, ಬಾಗಲಕೋಟೆ
ಹೋಗಿ ಬಾ ಮಗಾ. ಆದರೆ ಆ ಲೆಕ್ಕ ಇಡೋದನ್ನ ಚೆನ್ನಾಗಿ ನೋಡಿಕೊಂಡು ಬಾ. ನಮ್ಮಲ್ಲಿ ಕಾನೂನಿಲ್ಲ ಅಂತಲ್ಲ, ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಹಿಡಿಯಬಾರದು ಅಂತ 1897ರಲ್ಲೇ ಕಾಯ್ದೆ ಆಗಿದೆ. ಆದರೂ ಹೋದ ಮಳೆಗಾಲ ದಂಡೆ ಮೇಲೆ ಯಾರೋ ಕೊಡವಿ ಹೋದ ಬಲೆ ನೋಡಿದೆ. ಸೊಳ್ಳೆ ಪರದೆಯಂಥ ಕಣ್ಣು. ಅದರಲ್ಲಿ ಬೆರಳುದ್ದದ ಕಾಟ್ಲಾ, ರೋಹು ಮರಿ, ಮುಷ್ಟಿಗಟ್ಟಲೆ. ಎರಡು ವರ್ಷ ಬಿಟ್ಟಿದ್ದರೆ ಒಂದೊಂದೂ ಕೆಜಿ ಮೇಲೆ ತೂಗುತ್ತಿತ್ತು. ಹೊಟ್ಟೆ ಉರಿಯಿತು.

ಹಿನ್ನೀರಿನ ಹುಡುಗ, ಬಾಗಲಕೋಟೆ
ವಿಜಯಪುರದ ಅಣ್ಣಾ, ನೀವು ಹೇಳದಿದ್ದರೆ ಸುಮ್ನೆ ಫೆಬ್ರವರಿವರೆಗೂ ಕೂತಿರುತ್ತಿದ್ದೆ. ರಾತ್ರಿಯೇ ನಮ್ಮಣ್ಣನಿಗೆ ಫೋನ್ ಮಾಡಿದೆ. ಅವನಿಗೂ ಈ ಕೊನೆ ದಿನ ಗೊತ್ತಿರಲಿಲ್ಲ. ಅವನಿಗೆ 20ರದ್ದು, ನನಗೆ 65ರದ್ದು, ಎರಡಕ್ಕೂ ಈ ವಾರವೇ ವಿಚಾರಿಸುತ್ತೇನೆ ಅಂದಿದ್ದಾನೆ. ಕಾಕಾ, ನೋಂದಣಿ ಕೇಂದ್ರದಲ್ಲಿ ಏನೇನು ಅಳೆಯುತ್ತಾರೆ, ಏನು ಬರೆದುಕೊಳ್ಳುತ್ತಾರೆ, ಎಲ್ಲ ನೋಡಿಕೊಂಡು ಬಂದು ಇಲ್ಲೇ ಬರೆಯುತ್ತೇನೆ.