ಅಪ್‌ಡೇಟ್: ಕರಡು ತಿದ್ದುವುದೊಂದೇ ಸಾಕೇ ಎಂದು ಕೇಳಿದ್ದೆ

ಕನ್ನಡ ಕರಡು ತಿದ್ದುವುದರಲ್ಲೇ ಇನ್ನಷ್ಟು ಪಳಗಬೇಕೇ ಅಥವಾ ಜೊತೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೇ ಎಂದು ಕಳೆದ ವರ್ಷ ನಾನು ಕೇಳಿದ್ದಾಗ, ಎರಡು ದೋಣಿಯಲ್ಲಿ ಕಾಲಿಡಬೇಡಿ ಎಂದು ನಿಮ್ಮಲ್ಲಿ ಹಲವರು ಕಾಳಜಿಯಿಂದ ಎಚ್ಚರಿಸಿದ್ದಿರಿ. ಆದರೂ ಕಲಿತೆ. ಈಗ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿದ್ದ ಹಳೆಯ ಕಡತಗಳನ್ನು ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಾಯಿಸುವ ಕೆಲಸ ಸಿಕ್ಕಿದೆ. ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನೇ ಒತ್ತಿ ‘ಕನಾ೯ಟಕ’ ಎಂದು ಬರೆದಿರುವ ಕಡೆಯಲ್ಲೆಲ್ಲ ಪ್ರೋಗ್ರಾಂ ಅದನ್ನು ‘ಕರ್ನಾಟಕ’ ಎಂದು ತಿದ್ದಬೇಕು, ಆದರೆ ‘೧೯೫೬’ರಲ್ಲಿರುವ ಒಂಬತ್ತನ್ನು ಮುಟ್ಟಬಾರದು, ಈ ಅಪಾಯವನ್ನು ಮೊದಲೇ ಗುರುತಿಸಿ ನಿಯಮ ಬರೆಯಲು ನೆರವಾದದ್ದು 11 ವರ್ಷ ಕರಡು ತಿದ್ದಿದ ಕಣ್ಣು. ನನ್ನ ಪೈಥಾನ್ ಜ್ಞಾನ ಸಾಧಾರಣ ಮಟ್ಟದ್ದೇ, ಅದರೊಂದರಿಂದಲೇ ಯಾರೂ ನನಗೆ ಕೆಲಸ ಕೊಡುತ್ತಿರಲಿಲ್ಲ. ಕರಡು ತಿದ್ದುವುದನ್ನು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ.