ಭಾನುವಾರ ಮಾಡಿದ ಖೀಮಾ ಶುಕ್ರವಾರದ ನಾಷ್ಟಾಕ್ಕೆ ಇಡಬಹುದಾ?

ಕೇಶ್ವಾಪುರದ ಅಮ್ಮ

ಮಗ ಬೆಳಿಗ್ಗೆ ಆರಕ್ಕೇ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಹೋಗುತ್ತಾನೆ. ಅಲ್ಲಿ ಓಟದ ಪ್ರಾಕ್ಟೀಸ್, ಹಾಗೇ ಕಾಲೇಜು. ಉಪ್ಪಿಟ್ಟು ತಿಂದರೆ ಹತ್ತು ಗಂಟೆಗೆಲ್ಲ ಹಸಿವು ಅಂತಾನೆ. ರೊಟ್ಟಿ ಜೊತೆ ಖೀಮಾ ಕೊಟ್ಟ ದಿನ ಮಧ್ಯಾಹ್ನದವರೆಗೂ ಗಟ್ಟಿ ಇರುತ್ತಾನೆ. ಆದರೆ ಐದು ಗಂಟೆಗೆ ಎದ್ದು ಖೀಮಾ ಮಾಡೋದು ನನ್ನಿಂದ ಆಗಲ್ಲ.

ಹೋದ ಭಾನುವಾರ ರಾತ್ರಿ ಒಂದು ಕಿಲೋ ಮಟನ್ ಖೀಮಾ ಮಾಡಿದೆ. ಆರಲಿ ಅಂತ ಒಲೆ ಮೇಲೇ ಬಿಟ್ಟೆ. ಮಲಗುವ ಹೊತ್ತಿಗೆ ಬೋಗುಣಿ ಸಮೇತ ಫ್ರಿಜ್‌ಗೆ ಇಟ್ಟೆ. ಮಂಗಳವಾರ ಮುಚ್ಚಳ ತೆಗೆದರೆ ಹುಳಿ ವಾಸನೆ. ಅಷ್ಟೂ ಚೆಲ್ಲಿದೆ, ಹೊಟ್ಟೆ ಉರಿಯಿತು. ಸೋಮವಾರ ಎರಡು ತಾಸು ಕರೆಂಟ್ ಹೋಗಿತ್ತು. ಅದೇ ಕಾರಣವಾ? ಚಿಕನ್ ಸಾಸೇಜ್ ಕೂಡ ಮೊದಲೇ ಬೇಯಿಸಿ ಇಡಬಹುದಾ?

ಸಪ್ತಾಪುರದ ಅಡುಗೆಯವ

ಅಕ್ಕಾರೆ, ಕರೆಂಟ್ ಮೇಲೆ ತಪ್ಪು ಹಾಕಬೇಡಿ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ತಾಸು ತಂಪು ಹಿಡಿದಿರುತ್ತದೆ. ಕೆಟ್ಟಿದ್ದು ಬೋಗುಣಿಯಲ್ಲೇ. ಮೇಲೆ ಮುಟ್ಟಿದರೆ ತಣ್ಣಗೆ, ನಡುವೆ ಇನ್ನೂ ಬೆಚ್ಚಗೆ. 60 ಡಿಗ್ರಿಯಿಂದ 5 ಡಿಗ್ರಿಗೆ ಇಳಿಯುವ ಆ ಹೊತ್ತಿನಲ್ಲೇ ಬ್ಯಾಕ್ಟೀರಿಯಾ ಬೆಳೆಯುವುದು. ಬೋಗುಣಿಯಲ್ಲಿ ಅದಕ್ಕೆ ಇಡೀ ರಾತ್ರಿ ಸಿಕ್ಕಿತು.

ಹೋಟೆಲ್ ಅಡುಗೆಮನೆಯಲ್ಲಿ ನಾವು ಮಾಡುವುದು ಇಷ್ಟೇ. ಒಲೆಯಿಂದ ಇಳಿಸಿದ ಕೂಡಲೇ ಎರಡು ಅಗಲ ತಾಟಿನಲ್ಲಿ ತೆಳ್ಳಗೆ ಹರಡಿ, ಫ್ಯಾನ್ ಕೆಳಗೆ ಇಡುತ್ತೇವೆ. ಅರ್ಧ ತಾಸಿನಲ್ಲಿ ಆರುತ್ತದೆ. ಎರಡು ತಾಸಿನ ಒಳಗೆ ಫ್ರಿಜ್ ಸೇರಲೇಬೇಕು. ನಮ್ಮ ಏಪ್ರಿಲ್, ಮೇ ಸೆಕೆಯಲ್ಲಿ ಒಂದೇ ತಾಸು. ಒಂದು ಹೊತ್ತಿಗೆ ಒಂದು ಡಬ್ಬಿ ಅಂತ ಹಂಚಿ. ಸೋಮವಾರದಿಂದ ಬುಧವಾರದ್ದು ಫ್ರಿಜ್‌ನಲ್ಲಿ, ಗುರುವಾರ, ಶುಕ್ರವಾರದ್ದು ಫ್ರೀಜರ್‌ನಲ್ಲಿ. ಹಿಂದಿನ ರಾತ್ರಿ ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಬೆಳಿಗ್ಗೆ ಹಬೆ ಏಳುವಷ್ಟು ಬಿಸಿ ಮಾಡಿ, ಸುಮ್ನೆ ಬೆಚ್ಚಗೆ ಮಾಡಿದರೆ ಸಾಲದು. ಆಲೂಗಡ್ಡೆ ಮಾತ್ರ ಹಾಕಬೇಡಿ, ಫ್ರೀಜರ್‌ನಲ್ಲಿ ಮರಳು ಮರಳಾಗುತ್ತದೆ.

ಸಾಸೇಜ್ ಪ್ಯಾಕೆಟ್ ಮೇಲೆ ಓದಿ ನೋಡಿ, ಕೆಲವು ಬೆಂದೇ ಬಂದಿರುತ್ತವೆ. ಹಸಿಯದಾದರೆ ಪೂರ್ತಿ ಬೇಯಿಸಿ ಇಡಿ. ಅರ್ಧ ಬೇಯಿಸಿಟ್ಟು ಬೆಳಿಗ್ಗೆ ಉಳಿದದ್ದು ಅನ್ನುವ ಲೆಕ್ಕ ಬೇಡವೇ ಬೇಡ. ನಾವು ಬೇಕನ್ (ಉಪ್ಪು ಹಿಡಿಸಿದ ಹಂದಿ ಮಾಂಸದ ತೆಳು ಸೀಳು) ಕೂಡ ಹಿಂದಿನ ದಿನವೇ 200 ಡಿಗ್ರಿ ಓವನ್‌ನಲ್ಲಿ 15–20 ನಿಮಿಷ ಪೂರ್ತಿ ಬೇಯಿಸಿ, ಕಾಗದದ ಮೇಲೆ ಕೊಬ್ಬು ಬಸಿದು ಇಡುತ್ತೇವೆ. ನಾಲ್ಕು ದಿನ ಫ್ರಿಜ್‌ನಲ್ಲಿ ಚೆನ್ನಾಗಿರುತ್ತದೆ.

ಗದಗಿನವಳು

ಇಷ್ಟೆಲ್ಲ ಯಾಕೆ? ನಮ್ಮತ್ತೆ ಸಾರನ್ನು ದಿನಾ ಎರಡು ಸಲ ಕುದಿಸಿ ಮೂರು ದಿನ ಉಣ್ಣಿಸುತ್ತಿದ್ದರು. ಮಿಕ್ಕ ಖಂಡವನ್ನು ತೆಳ್ಳಗೆ ಸೀಳಿ, ಉಪ್ಪು, ಅರಿಶಿನ ಹಚ್ಚಿ ಬಿಸಿಲಿಗೆ ಹಗ್ಗದ ಮೇಲೆ ಒಣಗಿಸುತ್ತಿದ್ದರು. ಆಮೇಲೆ ಕೆಂಡದ ಮೇಲೆ ಸುಟ್ಟು, ಕಲ್ಲಲ್ಲಿ ಜಜ್ಜಿ, ಕಡಕ್ ರೊಟ್ಟಿ ಜೊತೆ. ಆ ರುಚಿ ನಿಮ್ಮ ಬೇಕನ್‌ಗೆ ಬರುತ್ತಾ?

ಸಪ್ತಾಪುರದ ಅಡುಗೆಯವ

ಒಣ ಖಂಡದ ಮಾತು ಸರಿ ಅಕ್ಕ. ನೀರು ಹೋಗಿ, ಉಪ್ಪು ಹಿಡಿದರೆ ಕೆಡುವುದಕ್ಕೆ ದಾರಿ ಕಡಿಮೆ. ನಮ್ಮ ತಾಯಿಯೂ ಮಾಡುತ್ತಿದ್ದರು. ಆದರೆ ಕುದಿಸುವ ಮಾತು ಒಪ್ಪಲಾರೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವು ಬಿಟ್ಟು ಹೋದ ವಿಷ ಮಾತ್ರ ಕುದಿಯಲ್ಲೂ ಉಳಿಯುತ್ತದೆ. ಅದರಲ್ಲೂ ಖೀಮಾ. ಇಡೀ ತುಂಡಿನಲ್ಲಿ ಹೊಲಸು ಮೇಲ್ಮೈಯಲ್ಲಿ ಇರುತ್ತದೆ, ಕೊಚ್ಚಿದಾಗ ಒಳಗೆಲ್ಲ ಸೇರುತ್ತದೆ. ತಂದ ದಿನವೇ ಮಾಡಿ, ಕಣ್ಣೆದುರೇ ಕೊಚ್ಚಿಸಿಕೊಳ್ಳಿ.

ಕೇಶ್ವಾಪುರದ ಅಮ್ಮ

ಅಣ್ಣಾರೆ, ಈ ಭಾನುವಾರ ಹಾಗೇ ಮಾಡಿದೆ. ಬೆಳಿಗ್ಗೆಯೇ ಖೀಮಾ ತಂದು ಮಾಡಿದೆ, ರಾತ್ರಿಗೆ ಬಿಡಲಿಲ್ಲ. ಹೋಳಿಗೆ ಬಡಿಸುವ ದೊಡ್ಡ ತಾಟು ಎರಡೂ ಹೊರಬಂದವು. ಐದು ಡಬ್ಬಿ, ಮೇಲೆ ವಾರ ಬರೆದ ಚೀಟಿ. ಇವತ್ತು ಗುರುವಾರ. ನಿನ್ನೆ ರಾತ್ರಿ ಇಳಿಸಿಟ್ಟಿದ್ದೆ, ಬೆಳಿಗ್ಗೆ ಬಾಣಲೆಯಲ್ಲಿ ಸ್ವಲ್ಪ ನೀರು ಚಿಮುಕಿಸಿ ಕುದಿಸಿದೆ. ಕೊನೆಗೆ ಹಸಿ ಕೊತ್ತಂಬರಿ ಉದುರಿಸಿದೆ. ಮಗನಿಗೆ ಹಳೆಯದು ಅಂತ ಗೊತ್ತೇ ಆಗಲಿಲ್ಲ, ಎರಡನೇ ರೊಟ್ಟಿ ಕೇಳಿದ.

ಗದಗಿನ ಅಕ್ಕ, ಆ ಒಣ ಖಂಡಕ್ಕೆ ಉಪ್ಪು ಎಷ್ಟು ಅಂತ ಅತ್ತೆಯವರನ್ನು ಕೇಳಿ ಬರೆಯಿರಿ. ಬಿಸಿಲು ಇರುವಾಗಲೇ ಮಾಡಬೇಕು.